ಶಾಲೆಗೂ ಮನೆಗೂ ನಡುವೆ

ನಮ್ಮ ಬೀದಿಯ ಹುಡುಗರಲ್ಲಿ ವಯಸ್ಸನ್ನು ಲೆಕ್ಕ ಹಾಕುವ ಹೊಸ ಪದ್ಧತಿಯೊಂದು ಬಳಕೆಗೆ ಬಂದಿದೆ. “ಎಷ್ಟಪ್ಪ ನಿನ್ನ ವಯಸ್ಸು?” ಎಂದು ಕೇಳಿದರೆ, “ಇಪ್ಪತ್ತಮೂರು, ಕೊರೋನ ಕಳೆದರೆ ಇಪ್ಪತ್ತೊಂದು” ಎಂದು ಉತ್ತರ ಬರುತ್ತದೆ. ತುಪ್ಪದ ಅಂಗಡಿಯವನು ಡಬ್ಬಿಯ ತೂಕ ಕಳೆದು ತುಪ್ಪದ ತೂಕ ಹೇಳುತ್ತಾನಲ್ಲ, ಹಾಗೆ. ಹೇಳುವವರೂ ನಗುತ್ತಾರೆ, ಕೇಳುವವರೂ ನಗುತ್ತಾರೆ. ಆದರೆ ಒಂದೇ ತಮಾಷೆ ಹತ್ತು ಜನರ ಬಾಯಲ್ಲಿ ಬಂದರೆ ಅದು ತಮಾಷೆಯಾಗಿ ಉಳಿಯುವುದಿಲ್ಲ, ಅದೊಂದು ದೂರು.

ಆ ದೂರಿನಲ್ಲಿ ಲೆಕ್ಕದ ನ್ಯಾಯವೂ ಇದೆ. ಎಪ್ಪತ್ತರ ನನ್ನಂಥವನಿಗೆ ಎರಡು ವರ್ಷವೆಂದರೆ ಬಾಳಿನ ಮೂವತ್ತೈದರಲ್ಲಿ ಒಂದು ಪಾಲು. ಹದಿನಾರರ ಹುಡುಗಿಗೆ ಅದು ಎಂಟರಲ್ಲಿ ಒಂದು ಪಾಲು. ಮೊದಲ ಐದಾರು ವರ್ಷಗಳು ಯಾರಿಗೂ ಸರಿಯಾಗಿ ನೆನಪಿರುವುದಿಲ್ಲವಾದ್ದರಿಂದ ಅವನ್ನು ತೆಗೆದುಹಾಕಿದರೆ, ಐದರಲ್ಲಿ ಒಂದು. ನಾವು ಮುದುಕರು ಆ ದಿನಗಳಲ್ಲಿ ಹೆದರಲಿಲ್ಲವೆಂದಲ್ಲ. ಹೆಚ್ಚು ಹೆದರಿದವರೇ ನಾವು. ಆದರೆ ನಮ್ಮ ಹತ್ತಿರ ಹಿಂದೆ ಕೂಡಿಟ್ಟ ಗಂಟೊಂದಿತ್ತು. ಬಾಗಿಲು ಹಾಕಿಕೊಂಡು ಕುಳಿತು ಅದನ್ನೇ ಬಿಚ್ಚಿ ಬಿಚ್ಚಿ ಖರ್ಚು ಮಾಡಿದೆವು. ಹಳೆಯ ಸ್ನೇಹಿತರಿಗೆ ಫೋನು ಮಾಡಿದೆವು, ಹಳೆಯ ಹಾಡು ಕೇಳಿದೆವು, ಮೂವತ್ತು ವರ್ಷದ ಹಿಂದೆ ಬದರಿಗೆ ಹೋದಾಗಿನ ಫೋಟೋಗಳ ಧೂಳು ಒರೆಸಿದೆವು. ಹದಿನಾರರವರ ಗಂಟಿನಲ್ಲಿ ಏನಿರುತ್ತದೆ? ಅವರು ಆಗತಾನೆ ಸಂಪಾದನೆಗೆ ಹೊರಟವರು. ಪೇಟೆ ಮುಚ್ಚಿದರೆ ಉಳಿತಾಯವುಳ್ಳ ವರ್ತಕ ಹೇಗೋ ಕಾಲ ತಳ್ಳುತ್ತಾನೆ, ದಿನಗೂಲಿಯವನು ತಳ್ಳಲಾರ. ಯೌವನ ದಿನಗೂಲಿಯ ಕಸುಬು.

ಈ ದೇಶದಲ್ಲಿ ಆ ರೋಗ ಮೊದಲು ಪತ್ತೆಯಾದದ್ದು 2020ರ ಜನವರಿ 30ರಂದು. ಚೀನದ ವುಹಾನಿನಲ್ಲಿ ವೈದ್ಯವಿದ್ಯೆ ಕಲಿಯುತ್ತಿದ್ದು ಕೇರಳಕ್ಕೆ ಮರಳಿದ್ದ ಒಬ್ಬ ವಿದ್ಯಾರ್ಥಿನಿಯಲ್ಲಿ. ಆಕೆ ತೃಶ್ಶೂರಿನ ಆಸ್ಪತ್ರೆಯಲ್ಲಿ ಗುಣ ಹೊಂದಿದಳು. ಮೊದಲ ಸಾವು ನಮ್ಮ ಕಲಬುರಗಿಯಲ್ಲಿ, ಮಾರ್ಚ್ 10ರಂದು, 76 ವರ್ಷದ ವೃದ್ಧರೊಬ್ಬರದು. ಮುಂದೆ ಬಂದದ್ದೆಲ್ಲ ಈ ಎರಡು ಸುದ್ದಿಗಳಲ್ಲಿಯೇ ಅಡಗಿತ್ತೆಂದು ಈಗ ತೋರುತ್ತದೆ. ರೋಗ ಹೆಚ್ಚಾಗಿ ಅರಸುತ್ತಿದ್ದುದು ಹಿರಿಯರನ್ನು. ಹಿರಿಯರನ್ನು ಉಳಿಸುವುದಕ್ಕಾಗಿ ಕಿರಿಯರನ್ನು ಒಳಗಿಡಬೇಕಾಯಿತು. ಇಡಬೇಕಾಗಿತ್ತು, ಅದರಲ್ಲಿ ನನಗೆ ಸಂದೇಹವಿಲ್ಲ. ನಾನು ಇಂದು ಕುಳಿತು ಇದನ್ನು ಬರೆಯುತ್ತಿರುವುದಕ್ಕೆ ಅದೂ ಒಂದು ಕಾರಣವಿರಬಹುದು. ಆದರೆ ಸಾಲ ಪಡೆದವನು ತೀರಿಸಲಾಗದಿದ್ದರೂ, ಪಡೆದದ್ದು ಎಷ್ಟು, ಯಾವ ನಾಣ್ಯದಲ್ಲಿ, ಎಂಬುದನ್ನಾದರೂ ತಿಳಿದಿರಬೇಕಷ್ಟೆ.

ಮಾರ್ಚ್ ತಿಂಗಳ ನಡುವಿನಲ್ಲಿ ಶಾಲೆ ಕಾಲೇಜುಗಳು ಮುಚ್ಚಿದವು. 25ರಿಂದ ದೇಶವೇ ಮುಚ್ಚಿತು. ಇಪ್ಪತ್ತೊಂದು ದಿನ ಎಂದರು. ಏಪ್ರಿಲ್ ಹೊತ್ತಿಗೆ ಜಗತ್ತಿನಲ್ಲಿ ಸುಮಾರು 160 ಕೋಟಿ ವಿದ್ಯಾರ್ಥಿಗಳು ಶಾಲೆಯಿಂದ ಹೊರಗಿದ್ದರೆಂದು ಯುನೆಸ್ಕೋ ಸಂಸ್ಥೆ ಲೆಕ್ಕ ಹಾಕಿತು. ಶಾಲೆಯಿಂದ ಹೊರಗೆ ಎಂದರೆ ಇಲ್ಲಿ ಮನೆಯಿಂದ ಒಳಗೆ. ನಮ್ಮ ರಾಜ್ಯದಲ್ಲಿ ಒಂದರಿಂದ ಐದನೆಯ ತರಗತಿಯವರೆಗಿನ ಮಕ್ಕಳು ಮತ್ತೆ ಶಾಲೆಯ ಮುಖ ಕಂಡದ್ದು 2021ರ ಅಕ್ಟೋಬರ್ 25ರಂದು. ಒಂದನೆಯ ತರಗತಿಯ ಕೋಣೆಯನ್ನು ನೋಡದೆಯೇ ನೇರವಾಗಿ ಎರಡನೆಯದರಲ್ಲಿ ಹೋಗಿ ಕುಳಿತ ಮಕ್ಕಳ ಒಂದು ಸಾಲೇ ನಮ್ಮಲ್ಲಿ ಬೆಳೆಯುತ್ತಿದೆ.

ನಮ್ಮ ಜನಕ್ಕೆ ಪಿಡುಗು ಹೊಸದಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಬಸವನಗುಡಿ, ಮಲ್ಲೇಶ್ವರಗಳ ಅಗಲವಾದ ಬೀದಿಗಳು ಆ ಭಯದ ಬೆನ್ನಿಗೇ ಹುಟ್ಟಿಕೊಂಡವು. ಆಮೇಲೂ ಎಷ್ಟೋ ವರ್ಷ ಹಳೆಯ ಮೈಸೂರು ಸೀಮೆಯ ಊರುಗಳಿಗೆ ಅದು ಬೇಡದ ನೆಂಟನ ಹಾಗೆ ಬಂದು ಬಂದು ಹೋಗುತ್ತಿತ್ತು. ನಮ್ಮ ಅಜ್ಜಿ ತನ್ನ ಹುಡುಗಾಟದ ವಯಸ್ಸಿನಲ್ಲಿ ಎರಡು ಸಲ ಪ್ಲೇಗಿಗೆ ಊರು ಬಿಟ್ಟವಳು. ಮನೆಯ ಅಟ್ಟದಿಂದ ಇಲಿ ಸತ್ತು ಬಿತ್ತೆಂದರೆ ಸಾಕು, ಗಂಟುಮೂಟೆ ಕಟ್ಟಿಕೊಂಡು, ದನಕರು ಹೊಡೆದುಕೊಂಡು, ಊರಿಗೆ ಊರೇ ಹೊಲಗಳಿಗೆ ಹೋಗಿ ಸೋಗೆಯ ಗುಡಿಸಲು ಹಾಕಿಕೊಳ್ಳುವುದು. ಸತ್ತವರನ್ನು ಹೆಸರು ಹಿಡಿದು ಅಜ್ಜಿ ನೆನೆಯುತ್ತಿದ್ದಳು. ಅವಳ ಅಕ್ಕನೇ ಅದರಲ್ಲಿ ಹೋದವಳು. ಆದರೆ ಆ ಗುಡಿಸಲುಗಳ ಮಾತು ಬಂದಾಗ ಮಾತ್ರ ಮುದುಕಿಯ ಧ್ವನಿಯೇ ಬೇರೆಯಾಗುತ್ತಿತ್ತು. ಊರಿನಲ್ಲಿ ಅಂಗಳ ದಾಟಿ ಹೋಗಕೂಡದ ಹೆಣ್ಣುಮಕ್ಕಳು ಅಲ್ಲಿ ಬೇಲಿಯಿಲ್ಲದ ಬಯಲಲ್ಲಿ ಕುಂಟೆಬಿಲ್ಲೆ ಆಡಿದ್ದು, ಬೆಳುದಿಂಗಳಲ್ಲಿ ಎಲ್ಲರ ಮನೆಯ ಕೈತುತ್ತು ಉಂಡದ್ದು.

ಕಾರಣ ಸರಳವಾಗಿದೆ. ಪ್ಲೇಗು ಇಲಿಯ ಮೈಮೇಲಿನ ಚಿಗಟದಿಂದ ಬರುವುದು. ಇಲಿ ಇರುವುದು ಮನೆಯಲ್ಲಿ. ಆದ್ದರಿಂದ ಮನೆಯಿಂದ ಓಡಬೇಕು. ಕೊರೋನ ಉಸಿರಿನಿಂದ ಬರುವುದು. ಉಸಿರು ಇರುವುದು ಇನ್ನೊಬ್ಬ ಮನುಷ್ಯನಲ್ಲಿ. ಆದ್ದರಿಂದ ಮನುಷ್ಯರಿಂದ ಓಡಬೇಕು. ಅಜ್ಜಿಯ ಕಾಲದ ಹುಡುಗಿಗೆ ಭಯಪಡಬೇಕೆಂದು ಕಲಿಸಿದ್ದು ಸತ್ತ ಇಲಿಗೆ. ನನ್ನ ಮೊಮ್ಮಗಳಿಗೆ ಕಲಿಸಿದ್ದು ಗೆಳತಿಗೆ. ಅಷ್ಟೇ ಅಲ್ಲ, ನೀನು ಹೊರಗೆ ಹೋಗಿ ಬಂದರೆ ನಿನ್ನಿಂದ ತಾತನಿಗೆ ಅಪಾಯ ಎಂದು ಅವಳ ಕಿವಿಯಲ್ಲಿ ದಿನಕ್ಕೆ ನಾಲ್ಕು ಸಲ ಬೀಳುತ್ತಿತ್ತು. ನಿಜವಾದ ಮಾತೇ. ಆದರೂ ಹದಿನೈದರ ಹುಡುಗಿ ತನ್ನ ಉಸಿರೇ ಮನೆಯವರನ್ನು ಕೊಲ್ಲಬಹುದೆಂಬ ಭಾರವನ್ನು ಹೊತ್ತು ಓಡಾಡುವುದು ಎಂಥದೆಂದು ಆ ಗದ್ದಲದಲ್ಲಿ ಯಾರು ಯೋಚಿಸುತ್ತಾರೆ?

ಆ ದಿನಗಳಲ್ಲಿ ಹಿರಿಯರ ಮೊಬೈಲುಗಳಲ್ಲಿ ಒಂದು ನೀತಿಕಥೆ ಬಹಳವಾಗಿ ಸಂಚರಿಸಿತು. 1665ರಲ್ಲಿ ಪ್ಲೇಗಿನಿಂದಾಗಿ ಕೇಂಬ್ರಿಜ್ ವಿಶ್ವವಿದ್ಯಾಲಯ ಮುಚ್ಚಿದಾಗ ಇಪ್ಪತ್ತೆರಡರ ಐಸಾಕ್ ನ್ಯೂಟನ್ ತನ್ನ ಹಳ್ಳಿ ವೂಲ್ಸ್‌ತೋರ್ಪಿಗೆ ಹೋಗಿ ಕುಳಿತು ಕ್ಯಾಲ್ಕುಲಸ್ಸಿಗೂ ಗುರುತ್ವದ ಸಿದ್ಧಾಂತಕ್ಕೂ ಅಡಿಪಾಯ ಹಾಕಿದನೆಂಬುದು. ಕಥೆ ನಿಜವೇ. ಅದನ್ನು ನಮ್ಮ ಮಹಡಿಯ ಮೇಲೆ ಬಾಡಿಗೆಗಿರುವವರ ಮಗನಿಗೆ ಒಬ್ಬ ಮಹನೀಯರು ನನ್ನ ಎದುರಿನಲ್ಲಿಯೇ, ಕಾಂಪೌಂಡಿನ ಆಚೆಯಿಂದ ಮೂತಿಗೆ ಬಟ್ಟೆ ಕಟ್ಟಿಕೊಂಡು, ಉಪದೇಶಿಸಿದರು. ಹುಡುಗ ಆಗ ಎರಡನೆಯ ಪಿ.ಯು.ಸಿ. ಅವನಿಗೆ ಉಳಿದಿದ್ದುದು ಇಂಗ್ಲಿಷಿನ ಒಂದೇ ಒಂದು ಪತ್ರಿಕೆ. ಮಾರ್ಚ್ 23ಕ್ಕೆ ಮುಗಿಯಬೇಕಾಗಿದ್ದ ಅದು ಜೂನ್ 18ರವರೆಗೆ ಎಳೆಯಿತು. ಅವನು ವಿನಯವಾಗಿ, “ನ್ಯೂಟನ್‌ಗೆ ತೋಟ ಇತ್ತು ಸಾರ್. ನಮಗೆ ಬಾಲ್ಕನಿ, ಅದರಲ್ಲೂ ಅರ್ಧಕ್ಕೆ ವಾಷಿಂಗ್ ಮೆಷಿನ್ನು” ಎಂದ. ನನಗೆ ಆ ಉತ್ತರ ಬಹಳ ಹಿಡಿಸಿತು. ನ್ಯೂಟನ್ನನ ಸೇಬಿನ ಮರದ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. ಆ ಮರದ ಕೆಳಗೆ ಅವನನ್ನು ಯಾರೂ ಗಂಟೆಗೊಮ್ಮೆ “ಏನು ಮಾಡುತ್ತಿದ್ದೀಯ?” ಎಂದು ಕೇಳುತ್ತಿರಲಿಲ್ಲವೆಂಬುದನ್ನು ಯಾರೂ ಹೇಳುವುದಿಲ್ಲ.

ಪಾಠ ನಿಂತುಹೋಯಿತೆಂದು ಎಲ್ಲರೂ ಚಿಂತಿಸಿದರು. ನಮ್ಮಂಥ ಮನೆಗಳಲ್ಲಿ ಪಾಠ ಬಹಳ ದಿನ ನಿಲ್ಲಲಿಲ್ಲ. ಬೇಡವೆಂದರೂ ಲ್ಯಾಪ್‌ಟಾಪಿನೊಳಗಿಂದ ಹರಿದು ಬಂತು. ನಿಂತದ್ದು ದಾರಿ. ನನ್ನ ಮೊಮ್ಮಗಳ ಶಾಲೆ ನಮ್ಮ ಮನೆಯಿಂದ ಹದಿನೈದು ನಿಮಿಷದ ನಡಿಗೆ. ಸಂಜೆ ಮರಳಿ ಬರಲು ಅವಳಿಗೆ ನಲವತ್ತು ನಿಮಿಷ ಹಿಡಿಯುತ್ತಿತ್ತು. ಆ ಇಪ್ಪತ್ತೈದು ನಿಮಿಷ ಎಲ್ಲಿ ಕಳೆಯುತ್ತದೆಂದು ನನ್ನ ಸೊಸೆ ಎರಡು ವರ್ಷ ವಿಚಾರಣೆ ನಡೆಸಿದ್ದಳು, ಆರೋಪ ಸಾಬೀತಾಗಿರಲಿಲ್ಲ. ಮಾವಿನಕಾಯಿಗೆ ಉಪ್ಪು ಖಾರ ಹಚ್ಚಿ ಮಾರುವವನ ಗಾಡಿ, ಮೂಲೆಯ ಮನೆಯ ನಾಯಿ, ಗೇಟಿನ ಹತ್ತಿರ “ಹೋಗ್ತೀನಿ ಕಣೇ” ಎಂದು ಆರು ಸಲ ಹೇಳಿಯೂ ಹೋಗದೆ ನಿಲ್ಲುವುದು. ಇವುಗಳಲ್ಲಿ ಅದು ಕಳೆಯುತ್ತಿತ್ತು. ಮನೆಯಲ್ಲಿ ಅವಳು ಮಗಳು, ಶಾಲೆಯಲ್ಲಿ ವಿದ್ಯಾರ್ಥಿನಿ. ಎರಡೂ ಅಲ್ಲದ ಹೊತ್ತು ದಿನಕ್ಕೆ ಆ ಇಪ್ಪತ್ತೈದು ನಿಮಿಷ ಮಾತ್ರ. ಯಾರ ಕಣ್ಣೂ ಇಲ್ಲದ, ಯಾವ ಪ್ರಯೋಜನವೂ ಇಲ್ಲದ ಆ ಹೊತ್ತಿನಲ್ಲಿಯೇ ಹುಡುಗರು ತಾವು ಯಾರೆಂದು ತಮಗೆ ತಾವೇ ಹೇಳಿಕೊಳ್ಳುವುದೆಂದು ನನ್ನ ನಂಬಿಕೆ. ಶಾಲೆಯನ್ನು ತಂತಿಯ ಮೂಲಕ ಮನೆಗೆ ತಂದರು. ದಾರಿಯನ್ನು ತರಲು ಯಾವ ಯಂತ್ರವೂ ಇರಲಿಲ್ಲ.

ಹಾಗಾದರೆ ಆ ಹೊತ್ತು ಎಲ್ಲಿಗೆ ಹೋಯಿತು? ನನಗೆ ಅದರ ಸುಳಿವು ಸಿಕ್ಕಿದ್ದು ಒಂದು ಬೆಳಗಿನ ಜಾವ. ವಯಸ್ಸಾದವರ ನಿದ್ರೆ ಗೊತ್ತೇ ಇದೆ. ಮೂರೂವರೆಗೆ ಎಚ್ಚರವಾಗಿ ನೀರು ಕುಡಿಯಲು ಹೋದರೆ ಅಡಿಗೆಮನೆಯ ಕಟ್ಟೆಯ ಮೇಲೆ ಕತ್ತಲಲ್ಲಿ ಹುಡುಗಿ ಕುಳಿತಿದ್ದಾಳೆ. ಕೈಯಲ್ಲಿ ಮೊಬೈಲು ಕೂಡ ಇಲ್ಲ. ಸುಮ್ಮನೆ ಕುಳಿತಿದ್ದಾಳೆ, ಕಾಲು ತೂಗಾಡಿಸಿಕೊಂಡು. “ನಿದ್ದೆ ಬರಲಿಲ್ಲವೇನಮ್ಮ?” ಎಂದೆ. “ಬರುತ್ತೆ ತಾತ. ಈ ಟೈಮಲ್ಲಿ ಯಾರೂ ನನ್ನ ಕರೆಯಲ್ಲ, ಅದಕ್ಕೆ ಎದ್ದಿರ್ತೀನಿ” ಎಂದಳು. ನಾನು ನೀರು ಕುಡಿದು ದೀಪ ಹಾಕದೆ ಬಂದುಬಿಟ್ಟೆ.

ಆ ದಿನಗಳಲ್ಲಿ ಮನೆ ಮನೆಯಲ್ಲಿಯೂ ಒಂದೇ ದೂರು: ಹುಡುಗರು ರಾತ್ರಿಯೆಲ್ಲ ಎದ್ದಿರುತ್ತಾರೆ, ಹಗಲೆಲ್ಲ ಮಲಗುತ್ತಾರೆ, ಗೂಬೆಗಳಾಗಿದ್ದಾರೆ. ಮೊಬೈಲಿನ ಹುಚ್ಚೆಂದರು. ಮೊಬೈಲಿನ ಪಾಲಿರಲಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಮೂರು ಕೋಣೆಯ ಮನೆಯಲ್ಲಿ ಐದು ಜನ ಹಗಲಿಡೀ ಒಬ್ಬರ ಕಣ್ಣಿಗೊಬ್ಬರು ಬೀಳುತ್ತಿರುವಾಗ, ಊಟದ ಕೋಣೆಯಲ್ಲಿ ಅಪ್ಪನ ಆಫೀಸು, ಮಲಗುವ ಕೋಣೆಯಲ್ಲಿ ಮಗಳ ಶಾಲೆ, ನಡುಮನೆಯಲ್ಲಿ ತಾತನ ಟಿ.ವಿ.ಯಲ್ಲಿ ಸಾವಿನ ಲೆಕ್ಕ ನಡೆಯುತ್ತಿರುವಾಗ, ಉಳಿದ ಬಯಲು ರಾತ್ರಿಯೊಂದೇ. ಅಜ್ಜಿಗೆ ಹೊಲವಿದ್ದ ಹಾಗೆ ಇವಳಿಗೆ ಬೆಳಗಿನ ಮೂರು ಗಂಟೆ. ಬಾಡಿಗೆ ಮಾತ್ರ ಹೆಚ್ಚು. ನಿದ್ದೆಗೆಟ್ಟ ಮೈಯಲ್ಲಿ ಮನಸ್ಸು ಸುಸ್ಥಿತಿಯಲ್ಲಿರುವುದಿಲ್ಲ. ಹಗಲಿಗೆ ಸಿಡುಕು, ಕಾರಣವಿಲ್ಲದ ಅಳು, ತಟ್ಟೆಯ ಮುಂದೆ ಕುಳಿತು ಎದ್ದುಹೋಗುವುದು, ಎಲ್ಲವನ್ನೂ ನೋಡಿದೆವು.

2021ರ ಏಪ್ರಿಲ್, ಮೇ ತಿಂಗಳುಗಳನ್ನು ಬೆಂಗಳೂರಿನವರಿಗೆ ನಾನು ವರ್ಣಿಸಿ ಹೇಳಬೇಕಾಗಿಲ್ಲ. ಆಂಬುಲೆನ್ಸಿನ ಕೂಗು, ಆಕ್ಸಿಜನ್ ಸಿಲಿಂಡರಿಗಾಗಿ ಅಲೆದಾಟ, ಚಿತಾಗಾರಗಳ ಮುಂದಿನ ಸಾಲು. ಆ ಎರಡನೆಯ ಅಲೆಯಲ್ಲಿ ಮೊಮ್ಮಗಳ ಸಹಪಾಠಿಯೊಬ್ಬಳ ತಂದೆ ತೀರಿಕೊಂಡರು. ನಲವತ್ತರ ಆಸುಪಾಸಿನ ಮನುಷ್ಯ. ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ಕೈಮುಗಿದ ಚಿತ್ರಗಳು ಸಾಲಾಗಿ ಬಿದ್ದವು. ವಾರ ಕಳೆದ ಮೇಲೆ ಆ ಹುಡುಗಿ ಕ್ಲಾಸಿಗೆ ಬಂದಳು. ಬಂದಳೆಂದರೆ, ಪರದೆಯ ಮೇಲೆ ಅವಳ ಹೆಸರಿನ ಮೊದಲ ಅಕ್ಷರವಿರುವ ಒಂದು ಕಪ್ಪು ಚೌಕ ಬಂದು ಕುಳಿತಿತು. ಉಪಾಧ್ಯಾಯಿನಿ ಒಳ್ಳೆಯ ಹೆಂಗಸು. ಗಂಟಲು ಸರಿಪಡಿಸಿಕೊಂಡು, “ಮಕ್ಕಳೆ, ಎರಡು ನಿಮಿಷ ಮೌನ ಆಚರಿಸೋಣ” ಎಂದರು. ಎಲ್ಲರೂ ಅದಾಗಲೇ ಮ್ಯೂಟಿನಲ್ಲಿದ್ದರು.

ಮೊಮ್ಮಗಳು ಆ ಎರಡು ನಿಮಿಷವೂ ಆ ಚೌಕವನ್ನೇ ನೋಡುತ್ತ ಕುಳಿತಿದ್ದಳಂತೆ. ಆಮೇಲೆ ನನ್ನ ಹತ್ತಿರ ಬಂದು, “ಸ್ಕೂಲಲ್ಲಿ ಆಗಿದ್ರೆ ಅವಳ ಪಕ್ಕ ಹೋಗಿ ಕೂತ್ಕೋತಿದ್ದೆ ತಾತ. ಏನೂ ಮಾತಾಡ್ತಿರಲಿಲ್ಲ” ಎಂದಳು. ದುಃಖಕ್ಕೆ ನಮ್ಮಲ್ಲಿ ಹತ್ತು ದಿನದ ಕರ್ಮಗಳಿವೆ, ಮಂತ್ರಗಳಿವೆ, ನೆಂಟರು ತರುವ ಊಟವಿದೆ. ದೊಡ್ಡವರಿಗೆ ಅವು ಹೇಗೋ ಸಾಕಾಗುತ್ತವೆ. ಆ ವರ್ಷ ಅವೂ ಸರಿಯಾಗಿ ನಡೆಯಲಿಲ್ಲ. ಹುಡುಗರ ಬಳಿ ಇರುವ ಕರ್ಮ ಒಂದೇ: ಪಕ್ಕದ ಬೆಂಚಿನಿಂದ ಎದ್ದು ಬಂದು ಕೂರುವುದು, ತನ್ನ ಡಬ್ಬಿಯನ್ನು ಅವಳ ಕಡೆಗೆ ಸ್ವಲ್ಪ ತಳ್ಳುವುದು. ಅದಕ್ಕೆ ಒಂದು ಬೆಂಚು ಬೇಕು.

ಇಷ್ಟು ಹೊತ್ತು ನಾನು ಹೇಳಿದ್ದು ಲ್ಯಾಪ್‌ಟಾಪು ಉಳ್ಳವರ ಕಷ್ಟ. ನಮ್ಮ ಮನೆಯ ಕೆಲಸದಾಕೆಯ ಮನೆಯಲ್ಲಿ ಮೂವರು ಮಕ್ಕಳಿಗೆ ಒಂದು ಫೋನು. ಅದೂ ಆಕೆ ಕೆಲಸ ಮುಗಿಸಿ ಸಂಜೆ ಮನೆಗೆ ಹೋದ ಮೇಲೆ. ದೊಡ್ಡ ಹುಡುಗ ತರಕಾರಿಯ ಗಾಡಿ ತಳ್ಳಲು ಹೋದವನು ಶಾಲೆ ತೆರೆದ ಮೇಲೂ ಗಾಡಿಯ ಹಿಂದೆಯೇ ಉಳಿದ. ಸರ್ಕಾರಿ ಶಾಲೆಗಳ ಉಪಾಧ್ಯಾಯರು 2020ರ ಆಗಸ್ಟಿನಲ್ಲಿ ವಿದ್ಯಾಗಮವೆಂಬ ಯೋಜನೆಯಲ್ಲಿ ದೇವಸ್ಥಾನದ ಜಗಲಿ, ಅರಳಿಕಟ್ಟೆಗಳಲ್ಲಿ ಮಕ್ಕಳನ್ನು ಕೂರಿಸಿ ಪಾಠ ಹೇಳಿದರು. ಸೋಂಕು ತಗಲಿದ ಸುದ್ದಿಗಳು ಬಂದು ಅಕ್ಟೋಬರಿನಲ್ಲಿ ಅದು ನಿಂತು, ಮತ್ತೆ 2021ರ ಜನವರಿಯಲ್ಲಿ ಮೊದಲಾಯಿತು. ಮಲೆನಾಡಿನಲ್ಲಿ, ಕರಾವಳಿಯ ಮಗ್ಗುಲಿನ ಹಳ್ಳಿಗಳಲ್ಲಿ ಹುಡುಗರು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿ ಕುಳಿತರು. ಸುಳ್ಯದ ಕಡೆ ಸುರಿಯುವ ಮಳೆಯಲ್ಲಿ ರಸ್ತೆಯ ಬದಿಗೆ ಕುಳಿತು ಪಾಠ ಕೇಳುತ್ತಿರುವ ಮಗಳಿಗೆ ತಂದೆ ಕೊಡೆ ಹಿಡಿದು ನಿಂತಿರುವ ಚಿತ್ರವೊಂದು 2021ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು, ವಾಚಕರಿಗೆ ನೆನಪಿರಬಹುದು. ಎಲ್ಲರೂ ಅದನ್ನು ಅನುಕೂಲವಿಲ್ಲದಿರುವಿಕೆಯ ಚಿತ್ರವಾಗಿ ನೋಡಿದರು. ಅದು ಸರಿಯೆ. ನನಗೆ ಮಾತ್ರ ಅದನ್ನು ನೋಡಿದಾಗಲೆಲ್ಲ, ಆ ಹುಡುಗಿಯ ಪಕ್ಕದಲ್ಲಿ ಒಬ್ಬರು ನಿಂತಿದ್ದಾರಲ್ಲ ಎನ್ನಿಸುತ್ತಿತ್ತು.

ಏಕೆಂದರೆ ಅದೇ ಕಾಲದಲ್ಲಿ ನಮ್ಮ ಮಹಡಿಯ ಮೇಲೆ, ಎಲ್ಲ ಅನುಕೂಲವೂ ಇದ್ದ ಕೋಣೆಯಲ್ಲಿ, ನ್ಯೂಟನ್ನನಿಗೆ ಜವಾಬು ಕೊಟ್ಟ ಆ ಹುಡುಗ ಒಬ್ಬನೇ ಮುಳುಗುತ್ತಿದ್ದ. (ಇದನ್ನು ಬರೆಯಲೇ ಎಂದು ಅವನನ್ನು ಕೇಳಿದೆ. “ಹೆಸರು ಬಿಟ್ಟು ಬರೀರಿ ಅಂಕಲ್” ಎಂದ. ತಾತನ ವಯಸ್ಸಿನವನನ್ನು ಅಂಕಲ್ ಎಂದ ಸೌಜನ್ಯಕ್ಕಾಗಿ ಅವನ ಮಾತು ನಡೆಸಿದ್ದೇನೆ.) ಅವನು ಎಂಜಿನಿಯರಿಂಗ್ ಸೇರಿದ. ಸೇರಿದ್ದು ತನ್ನ ಕೋಣೆಯಲ್ಲಿಯೇ. ಕಾಲೇಜಿನ ಗೇಟು ಯಾವ ಬಣ್ಣದ್ದೆಂದು ತಿಳಿಯದೆ ಮೊದಲ ಸೆಮಿಸ್ಟರು ಕಳೆಯಿತು. ಅರುವತ್ತು ಜನ ಸಹಪಾಠಿಗಳು, ಅರುವತ್ತು ಚೌಕಗಳು. ಒಂದು ದಿನ ಲಾಗಿನ್ ಮಾಡಿ, ಹಾಜರಿಗೆ ಹೆಸರು ಬಿದ್ದ ಮೇಲೆ ಎದ್ದುಹೋಗಿ ಮಲಗಿದ. ಯಾರೂ ಕೇಳಲಿಲ್ಲ. ಮರುದಿನವೂ ಹಾಗೆಯೇ. ಒಂಬತ್ತು ದಿನ ಎಣಿಸಿದನಂತೆ. “ಕ್ಲಾಸಲ್ಲಿ ನನ್ನ ಹೆಸರಿತ್ತು, ನಾನಿರಲಿಲ್ಲ. ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ಆಮೇಲಾಮೇಲೆ ನನಗೂ ಗೊತ್ತಾಗ್ತಿರಲಿಲ್ಲ” ಎಂದ. ಇಷ್ಟನ್ನು ಹೇಳುವಾಗ ಅವನ ಮುಖದಲ್ಲಿ ನಾಟಕವೇನೂ ಇರಲಿಲ್ಲ. ಹಳೆಯ ಬಾಡಿಗೆ ಮನೆಯ ವಿಳಾಸ ಹೇಳಿದ ಹಾಗೆ ಹೇಳಿದ.

ಸ್ನಾನ ಎರಡು ದಿನಕ್ಕೊಮ್ಮೆಯಾಯಿತು, ಆಮೇಲೆ ನಾಲ್ಕು ದಿನಕ್ಕೊಮ್ಮೆ. ಊಟದ ತಟ್ಟೆ ಬಾಗಿಲ ಬಳಿ ಇಟ್ಟದ್ದು ಅಲ್ಲಿಯೇ ಆರುತ್ತಿತ್ತು. ಮೊಬೈಲಿನಿಂದ ಕೆಟ್ಟನೆಂದು ತಾಯಿ ಮೊಬೈಲು ಕಸಿದುಕೊಂಡರು. ಯಾವ ತಾಯಿಯಾದರೂ ಅದನ್ನೇ ಮಾಡುತ್ತಿದ್ದರು. ಆದರೆ ಹೊರಗಿನ ಲೋಕಕ್ಕೆ ಅವನಿಗಿದ್ದ ಕೊನೆಯ ಎಳೆಯೂ ಅದರೊಡನೆ ಹೋಯಿತು. ದಿನವೂ ನೋಡುವ ಮುಖ ಬಾಡುವುದು ನೋಡುವವರಿಗೆ ತಿಳಿಯುವುದಿಲ್ಲ. ಗಡಿಯಾರದ ಗಂಟೆಯ ಮುಳ್ಳು ಚಲಿಸುವುದನ್ನು ಯಾರು ಕಂಡಿದ್ದಾರೆ? 2021ರ ಜೂನಿನಲ್ಲಿ ನಿರ್ಬಂಧ ಸಡಿಲಿದ ಮೇಲೆ ಅವನ ಪಿ.ಯು.ಸಿ. ದಿನಗಳ ಗೆಳೆಯನೊಬ್ಬ, ಫೋನು ಎತ್ತುತ್ತಿಲ್ಲವೆಂದು, ಹನುಮಂತನಗರದಿಂದ ಸೈಕಲ್ ತುಳಿದುಕೊಂಡು ಬಂದ. ಗೇಟಿನ ಬಳಿ ನಿಂತು ಕೂಗಿದ. ಇವನು ಬಹಳ ಹೊತ್ತಿನ ಮೇಲೆ ಬಾಲ್ಕನಿಗೆ ಬಂದ. ಆ ಗೆಳೆಯ ಕೆಳಗಿನಿಂದ ಒಂದು ಸಲ ನೋಡಿದವನು, “ಏನೋ ಹಿಂಗಾಗಿದ್ದೀಯ?” ಎಂದ. ಅಷ್ಟೆ. ಎರಡು ತಿಂಗಳಿಂದ ಮನೆಯಲ್ಲಿ ನಾಲ್ಕು ಜನರಿಗೆ ಕಾಣದಿದ್ದುದು ಹದಿನೆಂಟರ ಆ ಹುಡುಗನಿಗೆ ಹದಿನೈದು ಅಡಿ ಕೆಳಗಿನಿಂದ ಕಂಡಿತು. ಅವನೇ ತಾಯಿಯೊಡನೆ ಮಾತನಾಡಿದ; ಅವನೇ ಆಗ ನಿಮ್ಹಾನ್ಸ್ ನಡೆಸುತ್ತಿದ್ದ ಸಹಾಯವಾಣಿಯ ಸಂಖ್ಯೆ ಹುಡುಕಿ ಕೊಟ್ಟ. ಆಮೇಲೆ ಡಾಕ್ಟರು, ಮಾತ್ರೆ, ವಾರಕ್ಕೊಂದು ಮಾತುಕತೆ. ಗುಣವಾಗಲು ವರ್ಷದ ಮೇಲೆ ಹಿಡಿಯಿತು. ಒಂದು ವರ್ಷದ ಓದು ಹೋಯಿತು.

ಹೀಗೆ ಕೂಗಿ ಕರೆಯಲು ಯಾರೂ ಬಾರದ ಮನೆಗಳೂ ಇದ್ದವು. ನಮ್ಮ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳ ಸಂಖ್ಯೆ 2019ರಲ್ಲಿ 10,335, 2020ರಲ್ಲಿ 12,526. ಇದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕ. ಎಲ್ಲಕ್ಕೂ ಪಿಡುಗೇ ಕಾರಣವೆಂದು ಹೇಳುವುದು ಸುಲಭ, ಸರಿಯಲ್ಲ. ಆ ವರ್ಷಕ್ಕೆ ಮೊದಲೇ ಸಂಖ್ಯೆ ಚಿಕ್ಕದೇನಾಗಿರಲಿಲ್ಲ. ಪಿಡುಗಿನ ಮೊದಲ ವರ್ಷದಲ್ಲಿ ಆತಂಕ ಮತ್ತು ಖಿನ್ನತೆ ಜಗತ್ತಿನಲ್ಲಿ ನೂರಕ್ಕೆ ಇಪ್ಪತ್ತೈದರಷ್ಟು ಹೆಚ್ಚಿತೆಂದೂ, ಹೆಚ್ಚು ಪೆಟ್ಟು ತಿಂದವರು ಎಳೆಯರು ಮತ್ತು ಹೆಂಗಸರೆಂದೂ 2022ರ ಮಾರ್ಚಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಆ ವರ್ಷದ ಅಕ್ಟೋಬರಿನಲ್ಲಿ ನಮ್ಮಲ್ಲಿ ಟೆಲಿ ಮಾನಸ್ ಎಂಬ ಸಹಾಯವಾಣಿ ಮೊದಲಾಯಿತು. ಸಂಖ್ಯೆ 14416, ಕನ್ನಡದಲ್ಲಿಯೇ ಮಾತನಾಡಬಹುದು. ಮಹಡಿಯ ಹುಡುಗನ ತಾಯಿ ಅದನ್ನು ಕಾಗದದಲ್ಲಿ ಬರೆದು ಗ್ಯಾಸಿನವನ ನಂಬರಿನ ಪಕ್ಕದಲ್ಲಿ ಅಂಟಿಸಿದ್ದಾರೆ. ಮಾನಸಿಕ ವೈದ್ಯರೆಂದರೆ ಧ್ವನಿ ತಗ್ಗಿಸುತ್ತಿದ್ದ ನಮ್ಮ ಕೇರಿಯಲ್ಲಿ ಇದು ಸಣ್ಣ ಸಂಗತಿಯಲ್ಲ.

ಬಾಗಿಲು ತೆರೆದ ಮೇಲೆ ಎಲ್ಲ ಸರಿಹೋಯಿತೆಂದು ಹಿರಿಯರಾದ ನಾವು ಕೈ ತೊಳೆದುಕೊಂಡೆವು. ಹೇಗೂ ತೊಳೆದು ತೊಳೆದು ಅಭ್ಯಾಸವಾಗಿತ್ತು. 2021ರ ಎಸ್.ಎಸ್.ಎಲ್.ಸಿ. ಪರೀಕ್ಷೆ ಜುಲೈ 19 ಮತ್ತು 22ರಂದು ಎರಡೇ ದಿನದಲ್ಲಿ ನಡೆಯಿತು: ದಿನಕ್ಕೆ ಮೂರು ವಿಷಯ, ನಾಲ್ಕು ಉತ್ತರಗಳಲ್ಲಿ ಸರಿಯಾದುದಕ್ಕೆ ಗುರುತು ಹಾಕುವುದು. ಆ ವರ್ಷದ ಪಿ.ಯು.ಸಿ. ಪರೀಕ್ಷೆಯಂತೂ ನಡೆಯಲೇ ಇಲ್ಲ. ಹೆಚ್ಚುಕಡಿಮೆ ಎಲ್ಲರೂ ತೇರ್ಗಡೆ. ಮದುವೆ ಮನೆಗಳಲ್ಲಿ ಇವರಿಗೆ “ಕೊರೋನ ಬ್ಯಾಚು” ಎಂದು ನಾಮಕರಣವಾಯಿತು. ಪಾಯಸ ಬಡಿಸಿಕೊಳ್ಳುತ್ತ, “ನಿನ್ನದು ಕೊರೋನ ಪಾಸೋ ನಿಜವಾದ ಪಾಸೋ?” ಎಂದು ಕೇಳುವುದನ್ನು ಹಾಸ್ಯವೆಂದು ತಿಳಿದ ಬಂಧುಗಳು ಪ್ರತಿ ಪಂಕ್ತಿಯಲ್ಲಿಯೂ ಒಬ್ಬರಿದ್ದರು. ಮೊಮ್ಮಗಳು ಒಮ್ಮೆ ಒಬ್ಬರಿಗೆ, “ನಾವೇನು ಕೇಳಿದ್ವಾ ಅಂಕಲ್?” ಎಂದು ಎಲೆ ಬಿಟ್ಟು ಎದ್ದಳು. ಸೊಸೆ ಗದರಿದಳು. ನಾನು ಹುಡುಗಿಯ ಪಕ್ಷ.

ಅವಳು ಪಿ.ಯು. ಕಾಲೇಜಿಗೆ ಹೋಗತೊಡಗಿದಳು. ಒಂದು ತಿಂಗಳು ಮಧ್ಯಾಹ್ನದ ಡಬ್ಬಿ ಹಾಗೆಯೇ ಮರಳಿ ಬಂತು. ಕಾರಣ ಬಹಳ ದಿನದ ಮೇಲೆ ತಿಳಿಯಿತು. ಊಟ ಮಾಡಬೇಕಾದರೆ ಮಾಸ್ಕು ತೆಗೆಯಬೇಕು. ಅಲ್ಲಿನವರು ಅವಳ ಮುಖದ ಮೇಲರ್ಧವನ್ನಷ್ಟೇ ಕಂಡವರು. ಕೆಳಗಿನರ್ಧ ಅವರು ಊಹಿಸಿದಂತಿರದಿದ್ದರೆ? ದೊಡ್ಡವರಿಗೆ ಇದು ನಗೆಯ ಮಾತು. ಹದಿನಾರರಲ್ಲಿ ಅದು ಪ್ರಾಣಸಂಕಟ. ಇನ್ನೊಂದು ಸಂಗತಿಯನ್ನೂ ಅವಳು ಹೇಳಿದಳು: ನಾಲ್ಕು ಜನ ಗುಂಪಾಗಿ ನಿಂತು ಮಾತನಾಡುತ್ತಿದ್ದರೆ ಅದರೊಳಗೆ ಹೇಗೆ ಹೋಗಿ ಸೇರುವುದೆಂಬುದೇ ಮರೆತುಹೋಗಿತ್ತಂತೆ. ಈಜು ಮರೆಯುವುದಿಲ್ಲ, ಸೈಕಲ್ ಮರೆಯುವುದಿಲ್ಲ ಎನ್ನುತ್ತಾರೆ. ಇದು ಮರೆಯುತ್ತದೆಂದು ಕಾಣುತ್ತದೆ. ಹತ್ತಿರ ಹೋಗಿ ನಿಲ್ಲಬೇಕು, ಎಷ್ಟು ಹತ್ತಿರ? ನಕ್ಕಾಗ ನಗಬೇಕು, ಎಷ್ಟು ಹೊತ್ತು? ಕೊನೆಗೆ ಒಬ್ಬಳು, ಅವಳೂ ಹೊರಗೇ ನಿಂತಿದ್ದವಳು, “ನಿಂಗೂ ಹಂಗೇ ಆಗುತ್ತಾ?” ಎಂದು ಕೇಳಿದಳಂತೆ. ಆ ಇಬ್ಬರ ಸ್ನೇಹ ಇಂದಿಗೂ ಗಟ್ಟಿಯಾಗಿದೆ. ನಮ್ಮ ಮನೆಯ ಹುರಿಗಾಳಿನ ಡಬ್ಬಿ ಅದಕ್ಕೆ ಸಾಕ್ಷಿ.

ಮಹಡಿಯ ಹುಡುಗ ಓದು ಮುಗಿಸಿ ಹೋದ ವರ್ಷ ವೈಟ್‌ಫೀಲ್ಡಿನ ಕಂಪೆನಿಯೊಂದರಲ್ಲಿ ಕೆಲಸಕ್ಕೆ ಸೇರಿದ. ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ ಮಾಡಬಹುದೆಂದು ಅಲ್ಲಿ ನಿಯಮವಿದೆ. ಇವನು ಐದು ದಿನವೂ ಹೋಗುತ್ತಾನೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಬಸ್ಸಿನಲ್ಲಿ ಹೋಗುತ್ತಾನೆ. ಹೋಗಿ ಬರಲು ಮೂರೂವರೆ ಗಂಟೆ. ಇದು ಯಾವ ಬುದ್ಧಿಯೆಂದು ಅವನ ತಾಯಿಗೆ ಅರ್ಥವಾಗುವುದಿಲ್ಲ. ಮೊನ್ನೆ ತುಳಸಿಕಟ್ಟೆಯ ಬಳಿ ನನ್ನೆದುರಿಗೇ ಕೇಳಿದರು: “ಅಷ್ಟು ಹೊತ್ತು ಬಸ್ಸಲ್ಲಿ ಕೂತು ಏನೋ ಮಾಡ್ತೀಯ?”

“ಏನೂ ಇಲ್ಲಮ್ಮ” ಎಂದು ಅವನು ಷೂ ಕಟ್ಟಿಕೊಂಡು ಹೊರಟ.